ಮದುವೆ ವಿಡಿಯೋದ ಕೀಲಿಕೈ

ಆ ದಿನ ಸಂಜೆ ಬದನೆಕಾಯಿ ಪಲ್ಯ ಮಾಡಿದ್ದೆ. ಖಾರ ಹೆಚ್ಚಾಗಿತ್ತು. ನಮ್ಮ ಮನೆಯವರು ಎರಡು ರೊಟ್ಟಿ ತಿಂದು, ಮೂಗು ಒರೆಸಿಕೊಂಡು, ಏನೂ ಅನ್ನದೆ ಅಂಗಡಿಗೆ ಹೋದರು. ಅಂಗಡಿ ಎಂದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯ ಮುಂದಿನ ಕೋಣೆ. ಅಲ್ಲಿ ಮದುವೆಗಳ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದರು. ತೆಗೆದ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಕೊಡುವ ಕೆಲಸ ಅದು.

ಚಹಾ ಕೊಡಲು ಹೋದೆ. ಪರದೆಯ ಮೇಲೆ ನಮ್ಮ ಮಗಳು ದಾಕ್ಷಾಯಿಣಿ ಹಸಿರು ಸೀರೆಯಲ್ಲಿ ಕೂತಿದ್ದಳು.

"ಇದು ನಮ್ಮ ದಾಕ್ಷಿ ಮದುವಿ ಅಲ್ರಿ?"

"ಮತ್ತ್ಯಾರದು? ನಾಕ ವರ್ಷದಿಂದ ನಿನ್ನ ಕಡಿಂದ ಬೈಸ್ಕೊಳ್ಳಾಕತ್ತೇನಿ. ಒಮ್ಮೆ ಮುಗಿಸಿ ಕೈ ತೊಳಕೊಂತೇನಿ."

"ಕುಣಿಯೋದು ಬಂತೇನ್ರಿ?"

"ಅದು ಕಡೀಕ ಬರ್ತೈತಿ. ನಾಳೆ ಸಂಜಿಗೆ ತೋರಸ್ತೇನಿ. ಕುರ್ಚಿ ತಂದು ಕುಂತು ನೋಡು. ನಿಂತು ನೋಡಿದ್ರ ತಲಿ ತಿರುಗಿ ಬೀಳ್ತಿ."

"ನಕ್ಕು ಬಿದ್ರ ಬಿದ್ದೇನು."

"ನಗು, ನಗು. ಜಾಂಜ್ ಮೇಳದವರು ನನ್ನನ್ನ ತಮ್ಮ ಜೋಡಿ ಕರಕೊಂಡು ಹೋಗಾಕ ನಿಂತಿದ್ರು, ಗೊತ್ತೈತಿಲ್ಲೋ?"

ಕೇಳಿ ಗೊತ್ತಿತ್ತು. ನಾನು ನೋಡಿರಲಿಲ್ಲ. ದಾಕ್ಷಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಕಲ್ಯಾಣ ಮಂಟಪದ ಮುಂದೆ ಜಾಂಜ್, ಡೊಳ್ಳು ಬಾರಿಸುತ್ತಿದ್ದರು. ನಾನು ಒಳಗೆ ಅವಳ ಉಡಿ ತುಂಬುವ ಅಕ್ಕಿ, ಕೊಬ್ಬರಿ ಕಟ್ಟುತ್ತಿದ್ದೆ. ಹೊರಗೆ ಇವರು ಕ್ಯಾಮೆರಾವನ್ನು ಜೊತೆಗಾರ ಹೊಳೆಯಪ್ಪನ ಕೈಗೆ ಕೊಟ್ಟು, ಧೋತರ ಎತ್ತಿ ಕಟ್ಟಿ, ಮೇಳದ ನಡುವೆ ಇಳಿದು ಕುಣಿದರಂತೆ. ಕುಣಿಯುತ್ತಲೇ ಅತ್ತರಂತೆ. ಊರೆಲ್ಲ ನೋಡಿತು. ನಾನು ಹೊರಗೆ ಬರುವಷ್ಟರಲ್ಲಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ವಿಡಿಯೋದಾಗ ನೋಡುವಂತಿ ಬಿಡು" ಎಂದಿದ್ದರು. ನಾಲ್ಕು ವರ್ಷ ಅದೇ ಮಾತು. ಗಿರಾಕಿಗಳ ಮದುವೆ ಮೊದಲು, ಮನೆಯ ಮದುವೆ ಆಮೇಲೆ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಡಿ ತೆರೆಯಲು ಹೋದರು. ಷಟರ್ ಎತ್ತುವ ಸದ್ದು ಕೇಳಿದೆ. ಅರ್ಧಕ್ಕೆ ನಿಂತಿತು. ಪೂರ್ತಿ ಏರಿದ ಸದ್ದು ಬರಲಿಲ್ಲ. ಸೊಪ್ಪು ಹೆಚ್ಚುತ್ತಿದ್ದೆ, ಯಾರೋ ಮಾತಾಡಿಸಿರಬೇಕು ಅಂದುಕೊಂಡೆ. ಆಮೇಲೆ ಎದುರಿನ ಕಿರಾಣಿ ಅಂಗಡಿಯ ರತ್ನವ್ವ ಚೀರಿದಳು.

ಡಾಕ್ಟರು ಹೃದಯ ನಿಂತಿದೆ ಎಂದರು. ಅಷ್ಟೇ. ಒಂದು ಮಾತು.

ಅವರ ಹೆಸರು ನೀಲಕಂಠಪ್ಪ. ಹುಟ್ಟಿದ್ದು ಕೆಲಗೇರಿಯಲ್ಲಿ. ಹುಡುಗರಿದ್ದಾಗ ಮದುವೆಗಳಲ್ಲಿ ಕ್ಯಾಮೆರಾದವನ ಹಿಂದೆ ಲೈಟ್ ಹಿಡಿದು ನಿಲ್ಲುತ್ತಿದ್ದರು. ಲೈಟಿನ ಶಾಖಕ್ಕೆ ಬಲಗೈಯ ಕೂದಲು ಸುಟ್ಟು ಹೋಗಿ ಮತ್ತೆ ಸರಿಯಾಗಿ ಬರಲೇ ಇಲ್ಲ. ಆಮೇಲೆ ಸ್ವಂತ ಕ್ಯಾಮೆರಾ ತಂದರು. ಮೊದಲು ದೊಡ್ಡ ಕ್ಯಾಸೆಟ್ಟು, ಆಮೇಲೆ ಸಣ್ಣ ಕ್ಯಾಸೆಟ್ಟು, ಆಮೇಲೆ ಸಿ.ಡಿ., ಡಿ.ವಿ.ಡಿ., ಪೆನ್ ಡ್ರೈವ್. ಒಂದನ್ನು ಕಲಿತು ಮುಗಿಸುವುದರೊಳಗೆ ಅದು ಹಳತಾಗುತ್ತಿತ್ತು. ಜನ ಹಳೆಯ ಕ್ಯಾಸೆಟ್ಟು ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು.

"ನೀಲಕಂಠಪ್ಪಾರ, ನಮ್ಮ ಮದುವಿ ನೋಡಬೇಕ್ರಿ, ಮಶಿನ್ ಇಲ್ಲ."

"ಮದುವಿ ಆದಾಗ ನೋಡೀರಿಲ್ಲೋ? ಸಾಕು ಬಿಡ್ರಿ" ಎಂದು ನಗಿಸುತ್ತಿದ್ದರು. ಆಮೇಲೆ ರಾತ್ರಿ ಊಟಕ್ಕೆ ಕೂತು ಬೈಯುತ್ತಿದ್ದರು. "ಕಲ್ಲಿನ ಮ್ಯಾಲೆ ಬರದಿದ್ದು ಸಾವಿರ ವರ್ಷ ಇರತೈತಿ. ಇವರದು ಹತ್ತು ವರ್ಷಕ್ಕ ಓದಾಕ ಬರಾಂಗಿಲ್ಲ."

ಮಿಕ್ಸಿಂಗ್ ಮಾಡುವ ಸಾಫ್ಟ್‌ವೇರ್ ಒಂದಿತ್ತು. ಅದನ್ನು ಯಾರೂ ನಕಲು ಮಾಡಬಾರದೆಂದು ಕಂಪನಿಯವರು ಅದರ ಜೊತೆ ಒಂದು ಸಣ್ಣ ಚೂರು ಕೊಟ್ಟಿದ್ದರು. ಉಗುರಿನಷ್ಟು. ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಡಾಂಗಲ್ ಎನ್ನುತ್ತಾರೆ. ಇವರು ಕೀಲಿಕೈ ಎನ್ನುತ್ತಿದ್ದರು. ಒಮ್ಮೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಅದನ್ನು ಕದ್ದು ಬೇರೆಯವರಿಗೆ ಕೊಟ್ಟಿದ್ದ. ಕಾಲು ಹಿಡಿದು ವಾಪಸು ತಂದರು. ಅಂದಿನಿಂದ ಅದನ್ನು ಕಂಪ್ಯೂಟರಿನಲ್ಲಿ ಬಿಡುತ್ತಿರಲಿಲ್ಲ. ಎಲ್ಲಿ ಇಡುತ್ತಿದ್ದರೋ ನಾನು ಕೇಳಿರಲಿಲ್ಲ. ಅಂಗಡಿಯ ಸಾಮಾನು ಅಂಗಡಿಯವರಿಗೆ.

ಮಣ್ಣು ಮಾಡಿದ್ದು ರಾಯಾಪುರದ ಕಡೆ, ನಮ್ಮ ಮಂದಿಯ ರುದ್ರಭೂಮಿಯಲ್ಲಿ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಗೆ ಇಳಿಸುವ ಮುಂಚೆ ಅಯ್ಯನವರು ಅವರ ಕೊರಳಿನ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ಕರಡಿಗೆ ಕಟ್ಟಿದ್ದ ಶಿವದಾರಕ್ಕೇ ಒಂದು ಸಣ್ಣ ಬಟ್ಟೆಯ ಚೀಲ ಕಟ್ಟಿತ್ತು. ಬಾಯಿ ಬಿಗಿದಿತ್ತು.

"ಇದೇನ್ರಿ ತಂಗಿ?" ಎಂದು ಅಯ್ಯನವರು ಕೇಳಿದರು.

ನನಗಿಂತ ಮೊದಲು ನಮ್ಮ ಮನೆಯವರ ಅಕ್ಕ ಶಿವಬಸವ್ವ ಹೇಳಿದರು. "ಮಠದ ಅಂಗಾರ ಇರಬೇಕ್ರಿ ಅಪ್ಪಾರ. ಇದ್ದಂಗ ಇರ್ಲಿ. ಅವನ ಜೋಡಿ ಹೋಗ್ಲಿ."

ಅಂಗಾರ ಎಂದರೆ ಮಠದಲ್ಲಿ ಮಂತ್ರಿಸಿ ಕೊಡುವ ಬೂದಿ, ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಗಂಡಸರ ಶಿವದಾರಕ್ಕೆ ಹೆಂಡತಿಯೂ ಕೈ ಹಚ್ಚುವುದಿಲ್ಲ. ಚೀಲ ಕೊರಳಲ್ಲೇ ಉಳಿಯಿತು. ಮೇಲೆ ಪತ್ರಿ, ವಿಭೂತಿ, ಉಪ್ಪು ಹಾಕಿದರು. ಆಮೇಲೆ ಮಣ್ಣು.

ಬಂದ ಬೀಗರು ಹೋದರು. ಮನೆ ಖಾಲಿಯಾದ ಮೇಲೆ ದಾಕ್ಷಿ ಮೊಬೈಲ್ ಹಿಡಿದು ಕೂತಳು. ಅಪ್ಪನ ವಿಡಿಯೋ ಹುಡುಕುತ್ತಿದ್ದಳು. ಅವಳ ಮೊಬೈಲು, ನನ್ನದು, ಅವರದು, ಎಲ್ಲದರಲ್ಲೂ ನಾವೇ ಇದ್ದೆವು. ಮೊಮ್ಮಗಳು ತೆವಳುವುದು, ನಾನು ಹಪ್ಪಳ ಒಣಗಿಸುವುದು. ಹಿಡಿದ ಕೈ ಅವರದು. ಒಂದೆರಡರಲ್ಲಿ ಅವರ ಕೆಮ್ಮು ಕೇಳುತ್ತದೆ. ಒಂದರಲ್ಲಿ ನೆರಳು ಬಿದ್ದಿದೆ.

"ಅವ್ವಾ, ಸಾವಿರ ಮಂದಿ ವಿಡಿಯೋ ತಗದಾನ. ಅವನದು ಒಂದೂ ಇಲ್ಲಲ್ಲವ್ವಾ" ಎಂದಳು.

ಇದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ಫೋಟೋ ಇವೆ, ನಿಂತ ಫೋಟೋ. ನಡೆಯುವ, ಮಾತಾಡುವ ಮನುಷ್ಯ ಒಂದರಲ್ಲೂ ಇಲ್ಲ. ಇರುವುದು ದಾಕ್ಷಿಯ ಮದುವೆಯಲ್ಲಿ. ಹೊಳೆಯಪ್ಪ ತೆಗೆದದ್ದು. ಕುಣಿದದ್ದು.

ಹೊಳೆಯಪ್ಪ ಇವರ ಜೊತೆ ಎರಡನೇ ಕ್ಯಾಮೆರಾ ಹಿಡಿಯುತ್ತಿದ್ದವನು. ಅವನನ್ನು ಕರೆಸಿದೆವು. ಅಳಿಯ ಅಮರೇಶನೂ ಬಂದಿದ್ದ. ಕಂಪ್ಯೂಟರ್ ಹಚ್ಚಿದರು. ಮದುವೆಯ ಹೆಸರು ಕಂಡಿತು. ಒತ್ತಿದರು. ಇಂಗ್ಲಿಷಿನಲ್ಲಿ ಏನೋ ಬಂತು.

"ಏನಂತೈತಿ?" ಎಂದೆ.

"ಕೀಲಿಕೈ ಹಚ್ಚಿರಿ ಅಂತೈತ್ರಿ ಅತ್ತಿಯವರ" ಎಂದ ಅಮರೇಶ.

"ನಮ್ಮನಿ ಮದುವಿ ನೋಡಾಕ ಕೀಲಿಕೈ ಯಾಕ ಬೇಕು? ಕ್ಯಾಮೆರಾದಾಗ ಇರಬೇಕಲ್ಲ, ಅದನ್ನ ತಗೀರಿ."

ಹೊಳೆಯಪ್ಪ ತಲೆ ತಗ್ಗಿಸಿದ. "ಕ್ಯಾಮೆರಾದ ಕಾರ್ಡ್ ಮುಂದಿನ ಮದುವಿಗೆ ಅಳಿಸಿ ಬಿಡ್ತೇವ್ರಿ ವೈನಿ. ಎಲ್ಲಾರೂ ಹಂಗ ಮಾಡೋದು. ಈ ಸಾಫ್ಟ್‌ವೇರ್ ಅದನ್ನ ಒಳಗ ತನ್ನ ನಮೂನಿ ಮಾಡಿಕೊಂಡು ಇಟ್ಟಿರತೈತಿ. ಬ್ಯಾರೆ ಯಾವುದರಾಗೂ ತೆರಿಯಾಂಗಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಕ್ಯಾಮೆರಾ ನಮ್ಮದು, ಕಂಪ್ಯೂಟರ್ ನಮ್ಮದು, ಮಗಳು ನಮ್ಮವಳು. ಕುಣಿದವರು ನನ್ನ ಗಂಡ. ಎಲ್ಲ ನಮ್ಮದಾದ ಮೇಲೆ ತೆರೆಯಲು ಯಾರದೋ ಅಪ್ಪಣೆ ಹೇಗೆ ಬೇಕಾಗುತ್ತದೆ?

ಕೀಲಿಕೈ ಹುಡುಕಿದೆವು. ಮೇಜಿನ ಖಾನೆ, ಕಪಾಟು, ಅಂಗಿಯ ಕಿಸೆ, ಕ್ಯಾಮೆರಾದ ಚೀಲ, ಹಾಸಿಗೆಯ ಕೆಳಗೆ. ಅಕ್ಕಿಯ ಡಬ್ಬಿಯನ್ನೂ ಸುರುವಿದೆ. ಸಿಗಲಿಲ್ಲ.

ಅಮರೇಶ ಸಾಫ್ಟ್‌ವೇರ್ ಮಾರುವವರ ನಂಬರು ಹುಡುಕಿ ಫೋನು ಹಚ್ಚಿದ. ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಬೆಂಗಳೂರಿನ ಹುಡುಗಿಯೊಬ್ಬಳು ಮಾತಾಡಿದಳು. ದನಿ ಮೆತ್ತಗಿತ್ತು. ಕೀಲಿಕೈ ಕಳೆದಿದೆ, ಇನ್ನೊಂದು ಕೊಡಿ ಎಂದು ನಾನೇ ಕೇಳಿದೆ.

"ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ರಿಕ್ವೆಸ್ಟ್ ಕಳಿಸಬೇಕು ಮೇಡಂ."

"ಅವರು ತೀರಿಕೊಂಡಾರವಾ."

"ಓ, ಸಾರಿ ಮೇಡಂ. ಆದ್ರೆ ಅವರ ಇಮೇಲಿಂದಲೇ ಬರಬೇಕು."

"ಸತ್ತವರು ಹೆಂಗ ಕಳಸ್ತಾರ?"

"ಸಿಸ್ಟಮ್ ಹಾಗಿದೆ ಮೇಡಂ. ಹಳೇ ಡಾಂಗಲ್ ವಾಪಸ್ ಕೊಟ್ರೆ ಮಾತ್ರ ಹೊಸದು ಕೊಡ್ತಿದ್ವಿ. ಈಗ ಆ ವರ್ಷನ್ನೇ ನಿಂತುಹೋಗಿದೆ. ನೀವು ಹೊಸದು ತಗೊಳ್ಳಿ."

"ಹೊಸದರಾಗ ನಮ್ಮ ಹಳೇದು ತೆರಿತೈತೇನು?"

"ಇಲ್ಲ ಮೇಡಂ."

"ಮತ್ತ ಹೊಸದು ತಗೊಂಡು ಏನ್ ಮಾಡ್ಲಿ ನಾ?"

ಅವಳು ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ಬಾಯಿಪಾಠ ಮಾಡಿದ ಮಾತು. ನಾನು ಫೋನು ನೋಡುತ್ತ ಕೂತೆ.

ಹುಬ್ಬಳ್ಳಿ ಪೇಟೆಯಲ್ಲಿ ಕಳ್ಳ ಸಾಫ್ಟ್‌ವೇರ್ ಹಾಕುವವನೊಬ್ಬನಿದ್ದ. ಅಮರೇಶ ಅವನನ್ನೂ ಕರೆತಂದ. ಅವನು ಕೂತಲ್ಲೇ ಎರಡು ಕಪ್ಪು ಚಹಾ ಕುಡಿದು, ಏನೇನೋ ಒತ್ತಿ, ಕಡೆಗೆ ಎದ್ದು ಕೈ ಮುಗಿದ. "ಅಮ್ಮಾರ, ನಾ ಬ್ಯಾಂಕಿನ ಕಂಪ್ಯೂಟರ್ ಆದ್ರೂ ಬಿಚ್ಚೇನು. ಇದು ಆಗಾಂಗಿಲ್ಲ. ನಿಮ್ಮ ಯಜಮಾನರು ಖರೇ ಮಾಲು ತಗೊಂಡು ತಪ್ಪು ಮಾಡ್ಯಾರ. ಕಳ್ಳಮಾಲು ತಗೊಂಡಿದ್ರ ಇವತ್ತು ಚಾಲೂ ಇರ್ತಿತ್ತು."

ನಮ್ಮ ಮನೆಯವರು ಪ್ರಾಮಾಣಿಕರು ಎಂದು ಅವನು ಹೊಗಳಿದನೋ ಹಂಗಿಸಿದನೋ ತಿಳಿಯಲಿಲ್ಲ.

ಅಷ್ಟರಲ್ಲಿ ಶಾಹೀನ ಬಂದಳು. ಅಂಗಡಿಯಲ್ಲಿ ಇವರ ಪಕ್ಕ ಕೂತು ಮಿಕ್ಸಿಂಗ್ ಮಾಡುತ್ತಿದ್ದವಳು ಅವಳೇ. ಬಾಣಂತನಕ್ಕೆ ನವಲಗುಂದದ ತವರಿಗೆ ಹೋಗಿದ್ದಳು. ಸುದ್ದಿ ಅವಳಿಗೆ ತಡವಾಗಿ ಹೇಳಿದ್ದರು. ಕೂಸನ್ನು ಎತ್ತಿಕೊಂಡೇ ಬಂದು ನನ್ನ ಕೊರಳಿಗೆ ಬಿದ್ದು ಅತ್ತಳು. ಅಳು ಮುಗಿದ ಮೇಲೆ ಕೂಸನ್ನು ದಾಕ್ಷಿಯ ಕೈಗೆ ಕೊಟ್ಟು ಅಂಗಡಿಗೆ ಹೋದಳು. ಪರದೆ ನೋಡಿದಳು.

"ಕೀಲಿಕೈ ಹಚ್ಚಿಲ್ಲೇನ್ರಿ ಕಾಕಿ?"

"ಸಿಕ್ಕಿಲ್ಲವಾ. ಮನಿ ಎಲ್ಲಾ ಕೆದರಿ ಹಾಕೇವಿ."

"ಮನ್ಯಾಗ ಎಲ್ಲಿ ಇರತೈತ್ರಿ? ಕಾಕಾನ ಕೊಳ್ಳಾಗಿತ್ತಲ್ರಿ. ಕಳುವಾದ ಮ್ಯಾಲಿಂದ ಸಣ್ಣ ಚೀಲ ಹೊಲಿಸಿ ದಾರಕ್ಕ ಕಟ್ಕೊಂಡಿದ್ರು. ಮುಂಜಾನೆ ಚೀಲದ ಬಾಯಿ ಬಿಚ್ಚಿ ಹಚ್ಚತಿದ್ರು, ಸಂಜಿಗೆ ಮತ್ತ ಕಟ್ಕೊಂಡು ಏಳತಿದ್ರು. 'ದೇವರ ಹತ್ರ ಇದ್ರ ಯಾರೂ ಮುಟ್ಟಾಂಗಿಲ್ಲ, ಶಾಹೀನ' ಅಂತಿದ್ರು."

ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಶಿವಬಸವ್ವ ಬಾಗಿಲಲ್ಲಿ ನಿಂತಿದ್ದರು. ನಿಂತಲ್ಲೇ ಕೂತುಬಿಟ್ಟರು.

"ಅಂಗಾರ ಅಂದೆನಲ್ಲೋ ಶಿವನ" ಎಂದರು. ಮತ್ತೆ ಅದನ್ನೇ ಹೇಳಿದರು.

ಶಾಹೀನಳಿಗೆ ತಿಳಿಯಲಿಲ್ಲ. ದಾಕ್ಷಿ ಬಿಡಿಸಿ ಹೇಳಿದಳು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅವರು ಸತ್ತ ದಿನ ಆದದ್ದಕ್ಕಿಂತ ಇದು ಬೇರೆ ತರಹ ಇತ್ತು. ಅಂದು ಏನೂ ಗೊತ್ತಾಗಿರಲಿಲ್ಲ. ಈಗ ಎಲ್ಲ ಗೊತ್ತಾಗುತ್ತಿತ್ತು. ಅಯ್ಯನವರ ಬೆರಳು ಆ ಚೀಲವನ್ನು ಮುಟ್ಟಿದ್ದು ಕಣ್ಣ ಮುಂದೆಯೇ ಇತ್ತು. ನಾನು ನೋಡುತ್ತ ನಿಂತಿದ್ದೆ. ಒಂದು ಮಾರು ದೂರದಲ್ಲಿ.

"ನಿಮಗ ಯಾಕ ಬೈಲಿ ಅಕ್ಕಾ, ನನಗೂ ಹಂಗ ಅನಿಸಿತ್ತು" ಎಂದೆ ಶಿವಬಸವ್ವನವರಿಗೆ.

ಅಮರೇಶ ಪರದೆಯ ಕಡೆ ತಿರುಗಿದ. "ಅದು ಪ್ಲಾಸ್ಟಿಕ್ ಐತ್ರಿ. ಏನೂ ಆಗಿರಾಂಗಿಲ್ಲ. ತಗದು ಒರಸಿ ಹಚ್ಚಿದ್ರ ನಡೀತೈತಿ."

"ಎಲ್ಲಿಂದ ತಗೀತೀರಿ?" ಎಂದಳು ದಾಕ್ಷಿ.

ಎಲ್ಲರಿಗೂ ತಿಳಿಯಿತು.

ಅಮರೇಶ ಕೆಟ್ಟವನಲ್ಲ. ಹೆಂಡತಿ ಊಟ ಬಿಟ್ಟು ಅಳುವುದನ್ನು ನೋಡಿ ನೋಡಿ ಸಾಕಾಗಿತ್ತು ಅವನಿಗೆ. ಕೆಟ್ಟ ಪಂಪು ಬಿಚ್ಚಿ ರಿಪೇರಿ ಮಾಡುವ ಮನುಷ್ಯ. ಎಲ್ಲವನ್ನೂ ಹಾಗೇ ನೋಡುತ್ತಾನೆ. ಆದರೆ ಅವನ ಮಾತು ನನಗೆ ನಾಟಿತು. ಅವರಿಗೆ ಆಗುವುದು ಆಗಿರುತ್ತದೆ, ಪ್ಲಾಸ್ಟಿಕ್ಕಿಗೆ ಮಾತ್ರ ಏನೂ ಆಗಿರುವುದಿಲ್ಲ ಎಂದ ಹಾಗಾಯಿತು.

ಆ ದಿನ ಯಾರೂ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಎತ್ತಲಿಲ್ಲವೆಂದರೆ ಬೇಡವೆಂದಲ್ಲ. ನನಗೆ ನೋಡಬೇಕಿತ್ತು. ಧೋತರ ಎತ್ತಿ ಕಟ್ಟಿ ಕುಣಿದ ನನ್ನ ಗಂಡನನ್ನು ಒಮ್ಮೆ ನೋಡಬೇಕಿತ್ತು. ರೊಟ್ಟಿ ಬಡಿಯುವಾಗ, ನೀರು ಸೇದುವಾಗ, ಅದೇ. ತೆಗೆದರೆ ಏನಾಯಿತು ಅಂತಲೂ ಅನಿಸಿತು. ಮೇಲಿನಿಂದ ಸ್ವಲ್ಪ ಮಣ್ಣು ಸರಿಸಿದರೆ ತಲೆಯ ಕೆಳಗೇ ಕೊರಳು ಸಿಗುತ್ತದಲ್ಲ ಅಂತಲೂ ಅನಿಸಿತು. ಇಂಥದ್ದು ನನ್ನ ತಲೆಯಲ್ಲಿ ಬಂತಲ್ಲ ಎಂದು ಕೈಯ ಹಿಟ್ಟು ಹಾಗೇ ಬಿಟ್ಟು ನಿಂತೆ.

ಸೋಮವಾರ ಶಿವಬಸವ್ವನವರ ಜೊತೆ ಅವರನ್ನು ಮಣ್ಣು ಮಾಡಿದ ಗದ್ದುಗೆಗೆ ಹಾಲೆರೆಯಲು ಹೋದೆ. ದಾಕ್ಷಿಯೂ ಬಂದಳು. ದೂರದಿಂದಲೇ ಅಮರೇಶ ಕಂಡ. ಅವನ ಪಕ್ಕ ಒಬ್ಬ ನಿಂತಿದ್ದ. ಕೈಯಲ್ಲಿ ಗುದ್ದಲಿ.

"ಬರೇ ನೋಡಾಕ ಕರಕೊಂಡು ಬಂದೇನ್ರಿ ಅತ್ತಿಯವರ. ಎಷ್ಟು ಆಳ ಐತಿ ಅಂತ. ನೀವು ಹೂಂ ಅಂದ್ರ ಮಾತ್ರ."

"ಅಯ್ಯನವರಿಗೆ ಕೇಳೀರೇನು?"

"ಕೇಳೇನ್ರಿ. ಅವರು ಎದ್ದು ಒಳಗ ಹೋದ್ರು."

ಶಿವಬಸವ್ವ ಸಿಟ್ಟಾದರು. "ಕೈಯಾಗ ಲಿಂಗ ಹಿಡಕೊಂಡು ಕುಂತಾನಪ್ಪ ಅಂವ. ಪೂಜಿಗೆ ಕುಂತವನ್ನ ನಡುವ ಎಬ್ಬಸ್ತಾರೇನು ಯಾರಾರ? ನಿಮ್ಮಪ್ಪನ್ನ ಎಬ್ಬಸ್ತೀ?"

"ಅತ್ತಿ, ಅವರಿಗೆ ಬೈಬ್ಯಾಡ್ರಿ, ನಾನ ಕರಕೊಂಡು ಬರ್ರಿ ಅಂದೀನಿ" ಎಂದಳು ದಾಕ್ಷಿ. "ಅವ್ವಾ, ನೀನೂ ನೋಡಿಲ್ಲ. ನಿನಗ ಬ್ಯಾಡೇನು?"

ಗುದ್ದಲಿಯವನು ಕಾಲು ಬದಲಿಸಿ ನಿಂತ. ಎಲ್ಲರೂ ನನ್ನನ್ನೇ ನೋಡಿದರು.

ಹಾಲಿನ ತಂಬಿಗೆ ಕೆಳಗಿಟ್ಟೆ. ಮಣ್ಣಿನ ಪಕ್ಕ ಕೂತೆ. ಮಳೆಯಾಗಿ ಮಣ್ಣು ಒಂದು ಬದಿಗೆ ಕುಸಿದಿತ್ತು. ಕೈಯಿಂದ ಸರಿ ಮಾಡಿದೆ.

"ಬೇಕವಾ" ಎಂದೆ. "ಬಾಳ ಬೇಕು. ಆದ್ರ ತಗದ ಮ್ಯಾಲೆ ನಾ ಆ ವಿಡಿಯೋ ನೋಡಿದಾಗೊಮ್ಮೆ ಕುಣಿಯೋದು ಕಾಣಾಂಗಿಲ್ಲ. ಈ ಗುದ್ದಲಿ ಕಾಣತೈತಿ. ಕುಂತಾರ, ಕುಂತಿರ್ಲಿ. ಕಳಸ್ರಿ ಇವನ್ನ."

ಗುದ್ದಲಿಯವನು ಬೇಗ ಬೇಗ ಹೋದ. ಅವನಿಗೂ ಬೇಕಿರಲಿಲ್ಲವೇನೋ. ದಾಕ್ಷಿ ನನ್ನ ಬೆನ್ನಿಗೆ ಮುಖವಿಟ್ಟು ಅತ್ತಳು. ನಾನು ಹಾಲೆರೆದೆ.

ಮನೆಗೆ ಬಂದಾಗ ಶಾಹೀನಳ ಜೊತೆ ಹೊಳೆಯಪ್ಪ ಕಟ್ಟೆಯ ಮೇಲೆ ಕೂತಿದ್ದ. ಆದದ್ದು ಕೇಳಿದ. "ವೈನಿ, ನಾ ತಗದೀನಲ್ರಿ, ನನಗ ನೆನಪೈತಿ. ಹಿಂಗ ಕುಣಿದ್ರು" ಎಂದು ಎದ್ದು ನಿಂತ. ಪ್ಯಾಂಟನ್ನು ಮೊಳಕಾಲಿಗೆ ಎತ್ತಿ, ಒಂದು ಕೈ ಮೇಲೆ ಮಾಡಿ, ಹಿಂದೆ ಮುಂದೆ ಜಿಗಿದ. ಅವನು ಡುಮ್ಮ ಮನುಷ್ಯ. ಅಟ್ಟಿಸಿಕೊಂಡು ಬಂದ ಹುಂಜದ ಹಾಗೆ ಕಂಡ.

"ಅಲ್ಲೋ ಹೊಳೆಪ್ಪಣ್ಣ, ಕಾಕಾ ಹಂಗ ಎಲ್ಲಿ ಕುಣದಾರು?" ಎಂದಳು ಶಾಹೀನ. "ಭುಜ ಹಾರಸ್ತಿದ್ರು. ಇಷ್ಟ. ಕಾಲು ಎತ್ತಿದ್ದ ಇಲ್ಲ."

"ಭುಜ ಹಾರಿಸಿದ್ದು ಮೊದಲ. ಆಮ್ಯಾಲೆ ಕಾಲು."

"ಕಾಲು ಇಲ್ಲೋ ಮಾರಾಯ. ನಾ ಕೂತು ನೋಡೀನಿ ಪರದೆದಾಗ."

"ನೀ ಕತ್ತರಿಸಿ ಒಗದಿರಬೇಕು ಕಾಲು!"

ಇಬ್ಬರೂ ಜಗಳ ಆಡಿದರು. ದಾಕ್ಷಿ ನಕ್ಕಳು. ಶಿವಬಸವ್ವ ನಕ್ಕರು. ನಾನೂ ನಕ್ಕೆ. ನಗುವಿನ ಸದ್ದು ಕೇಳಿ ನಾವೇ ಬೆಚ್ಚಿದೆವು.

ಭುಜವೋ ಕಾಲೋ, ನನಗೆ ಈಗಲೂ ಗೊತ್ತಿಲ್ಲ. ನೋಡಿದವರು ಇಬ್ಬರೂ ಬೇರೆ ಬೇರೆ ಹೇಳುತ್ತಾರೆ.

ಶಾಹೀನ ಹೊರಡುವ ಮುಂಚೆ ಕಂಪ್ಯೂಟರಿನ ಧೂಳು ಒರೆಸಿದಳು. ಒಳಗಿದ್ದದ್ದನ್ನು ಹಾರ್ಡ್ ಡಿಸ್ಕ್ ಎಂಬ ಇನ್ನೊಂದು ಸಣ್ಣ ಡಬ್ಬಿಗೆ ನಕಲು ಮಾಡಿ ಕೊಟ್ಟಳು. ಕೀಲಿ ಹಾಕಿದ ಪೆಟ್ಟಿಗೆಯನ್ನು ಹಾಗೇ ಇನ್ನೊಂದು ಮನೆಗೆ ಒಯ್ದ ಹಾಗೆ ಅದು. ಆದರೂ ಕೊಟ್ಟಳು.

"ಕಾಕಿ, ಈ ಕಂಪ್ಯೂಟರ್ ಮಾತ್ರ ಗುಜರಿಗೆ ಹಾಕಬ್ಯಾಡ್ರಿ. ಆ ಸಾಫ್ಟ್‌ವೇರ್ ಇದರಾಗ ಅಷ್ಟ ಐತಿ. ಮುಂದ ಯಾರಾರ ಬಿಚ್ಚೋರು ಹುಟ್ಟತಾರ. ಆದ್ರ ಬಂದ್ ಇಟ್ರ ಒಳಗ ಹಿಡಕೊಂಡು ಬಿಡತೈತಿ. ದಿನಾ ಒಂದ್ ಸ್ವಲ್ಪ ಓಡಿಸ್ರಿ."

"ನನಗ ಬರಾಂಗಿಲ್ಲವಾ."

"ಮಿಕ್ಸರ್ ತಿರುಗಸ್ತೀರಿಲ್ಲೋ? ಅಷ್ಟ."

ಎಲ್ಲಿ ಒತ್ತಬೇಕು, ಬಂದ್ ಮಾಡುವಾಗ ಯಾವುದನ್ನು ಮೊದಲು ಒತ್ತಬೇಕು ಎಂದು ತೋರಿಸಿದಳು. ನಾನು ಎರಡು ಸಲ ಮಾಡಿ ತೋರಿಸಿದ ಮೇಲೆ ಕೂಸನ್ನು ಎತ್ತಿಕೊಂಡು ಹೋದಳು.

ಈಗ ಬೆಳಗ್ಗೆ ಕಸ ಹೊಡೆದು, ನೀರು ತುಂಬಿದ ಮೇಲೆ ಒಳಬಾಗಿಲಿನಿಂದ ಅಂಗಡಿಗೆ ಹೋಗುತ್ತೇನೆ. ಗುಂಡಿ ಒತ್ತುತ್ತೇನೆ. ಕಂಪ್ಯೂಟರಿನೊಳಗೆ ಗುರ್ ಎನ್ನುತ್ತದೆ. ಪರದೆ ಬೆಳಗುತ್ತದೆ. ದಾಕ್ಷಿಯ ಮದುವೆಯ ಹೆಸರನ್ನು ಒತ್ತುತ್ತೇನೆ. ಕೀಲಿಕೈ ಹಚ್ಚಿರಿ ಎನ್ನುತ್ತದೆ. ಒಲೆಯ ಮೇಲಿನ ಚಹಾ ಕುದಿಯುವ ತನಕ ಹಾಗೇ ಬಿಡುತ್ತೇನೆ. ಆಮೇಲೆ ಶಾಹೀನ ತೋರಿಸಿದ ಹಾಗೆ ಬಂದ್ ಮಾಡಿ, ಒದ್ದೆ ಇಲ್ಲದ ಬಟ್ಟೆಯಿಂದ ಒರೆಸಿ, ಮೇಲೆ ಟವೆಲ್ಲು ಹೊದಿಸಿ ಬರುತ್ತೇನೆ.